ಹುಳಿ ವಾಸನೆ ಯಾರ ಮನೆಯದು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿನ ಪೊರೆ ತೆಗೆಸಿದ ನೆಪ, ಒಮ್ಮೆ ಸೆಕೆಯ ನೆಪ. ಈಗ ನನಗೆ ಎಪ್ಪತ್ಮೂರು. ನೆಪ ಹುಡುಕುವುದೂ ಸಾಕಾಗಿದೆ. ವಿಷಯ ಇಷ್ಟು: ಕೊರೊನಾದ ಎರಡನೇ ವರ್ಷ, ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನ ಸ್ಟೋರ್ ರೂಮಿನಲ್ಲಿ ನಾನು ಗಾಂಜಾ ಗಿಡ ಬೆಳೆಸಿದೆ. ಅದನ್ನು ಮುಚ್ಚಿಡಲು ಆಡಿದ ಒಂದು ಮಾತಿನಿಂದ ಪಕ್ಕದ ಮನೆಯ ಹೆಂಗಸು ಮನೆ ಬಿಡಬೇಕಾಯಿತು.

ನಾನು ಓದಿದ್ದು ಹೈಸ್ಕೂಲಿನವರೆಗೆ. ಕ್ಲಾಂಗ್ ಬಂದರಿನಲ್ಲಿ ಕಂಟೇನರುಗಳ ನಂಬರು ಬರೆದುಕೊಳ್ಳುವ ಕೆಲಸಕ್ಕೆಂದು ಈ ಪರದೇಶಕ್ಕೆ ಬಂದವನು, ಅಲ್ಲೇ ನಿವೃತ್ತನಾದೆ. ಆ ವರ್ಷ ನನ್ನ ಹೆಂಡತಿಗೆ ಸರ್ಪಸುತ್ತು ಆಯಿತು. ಗುಳ್ಳೆ ಒಣಗಿದರೂ ಉರಿ ಹೋಗಲಿಲ್ಲ. ರವಿಕೆಯ ಬಟ್ಟೆ ಬೆನ್ನಿಗೆ ತಾಗಿದರೆ ಸಾಕು, ಹಲ್ಲು ಕಚ್ಚಿ ಗೋಡೆ ಹಿಡಿಯುತ್ತಿದ್ದಳು. ಆಸ್ಪತ್ರೆಗೆ ಫೋನು ಮಾಡಿದರೆ ತುರ್ತು ಇಲ್ಲದವರು ಕಾಯಬೇಕು ಎಂದರು. ಮೂರು ಸಲ ದಿನಾಂಕ ಮುಂದಕ್ಕೆ ಹೋಯಿತು.

ನಾನು ರಾಯಚೂರು ಕಡೆಯವನು. ನಮ್ಮಜ್ಜ ಮೊಣಕಾಲು ನೋವಿಗೆ ಭಂಗಿ ಸೊಪ್ಪು ಅರೆದು ಕಟ್ಟಿಕೊಳ್ಳುತ್ತಿದ್ದುದನ್ನು ಕಂಡಿದ್ದೆ. ಅಷ್ಟರಿಂದಲೇ ನನಗೆ ಎಲ್ಲ ಗೊತ್ತು ಅನ್ನಿಸಿತು. ಬೀಜ ಕೊಟ್ಟವನು ಈಗ ಇಲ್ಲ, ಅವನ ಸುದ್ದಿ ಬೇಡ. ಈ ದೇಶದಲ್ಲಿ ಉಳಿದ ಆಯುಷ್ಯವನ್ನು ಜೈಲಿನಲ್ಲಿ ಕಳೆಯಲು ಇಂಥ ಒಂದು ಗಿಡ ಸಾಕು. ಅದೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಹೊಸಬರು ಮಾಡುವ ತಪ್ಪುಗಳಲ್ಲಿ ನಾನು ಬಿಟ್ಟದ್ದು ಒಂದೂ ಇಲ್ಲ. ಅಂಗೈಯಗಲದ ಸಸಿಗೆ ಬಕೆಟ್ಟಿನಷ್ಟು ದೊಡ್ಡ ಕುಂಡ ಇಟ್ಟೆ. ಮೊದಲು ದೀಪವನ್ನು ತೀರ ಎತ್ತರದಲ್ಲಿ ತೂಗುಹಾಕಿದೆ, ಸಸಿಗಳು ಬೆಳಕು ಹುಡುಕುತ್ತ ದಾರದ ಹಾಗೆ ಉದ್ದಕ್ಕೆ ಬೆಳೆದು ಬಿದ್ದುಬಿಟ್ಟವು. ಆಮೇಲೆ ತೀರ ಕೆಳಗಿಳಿಸಿದೆ, ಎಲೆಯ ತುದಿ ಸುಟ್ಟಿತು. ಸ್ನಾನ ಮಾಡಿ ತುಳಸಿಗೆ ಹಾಕುವ ಹಾಗೆ ದಿನಾ ಒಂದು ತಂಬಿಗೆ ನೀರು ಹಾಕುತ್ತಿದ್ದೆ. ಬೇರು ಕೊಳೆತು ಎಲೆ ಜೋತರೆ, ಬಾಯಾರಿಕೆ ಇರಬೇಕೆಂದು ಇನ್ನೊಂದು ತಂಬಿಗೆ. ಏಳು ಸಸಿಗಳಲ್ಲಿ ಒಂದು ಉಳಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಅಲ್ರೀ, ಗಿಡ ಬೆಳೆಸ್ತಿದ್ದೀರೋ ಬಾಣಂತನ ಮಾಡ್ತಿದ್ದೀರೋ?" ಎಂದಳು. ಇದನ್ನು ಕಿತ್ತು ಬಿಸಾಕಿ, ನನಗೆ ಬೇಡ ಎಂದು ಆಕೆ ಮೊದಲ ವಾರವೇ ಹೇಳಿದ್ದಳು. ನಾನು ಕೇಳಲಿಲ್ಲ.

ಉಳಿದ ಒಂದರ ಎಲೆ ಹಳದಿಯಾಗತೊಡಗಿತು. ಆಗ ನಮ್ಮವರೇ ಮಾಡಬಹುದಾದ ತಪ್ಪೊಂದನ್ನು ಮಾಡಿದೆ. ಕರಿಬೇವಿನ ಗಿಡ ಸೊರಗಿದರೆ ನಮ್ಮಮ್ಮ ಬುಡಕ್ಕೆ ಹುಳಿಮಜ್ಜಿಗೆ ಹಾಕುತ್ತಿದ್ದಳು, ಅದು ಎರಡೇ ವಾರಕ್ಕೆ ಚಿಗುರುತ್ತಿತ್ತು. ನಾನೂ ಹಾಕಿದೆ, ಅಕ್ಕಿ ತೊಳೆದ ನೀರಿನ ಜೊತೆ, ದಿನ ಬಿಟ್ಟು ದಿನ. ಅಮ್ಮನ ಕರಿಬೇವು ಹಿತ್ತಿಲ ಬಿಸಿಲಿನಲ್ಲಿತ್ತು ಎಂಬುದನ್ನು ಮರೆತೆ. ಗಾಳಿಯಾಡದ ಕೋಣೆಯಲ್ಲಿ ಮಜ್ಜಿಗೆ ಕುಂಡದಲ್ಲೇ ಕೊಳೆಯಿತು. ಮಣ್ಣಿನ ಮೇಲೆ ಬಿಳಿ ಬೂಷ್ಟು, ಅದರ ಮೇಲೆ ಎಳ್ಳಿನಷ್ಟು ಸಣ್ಣ ನೊಣಗಳು.

ಸ್ಟೋರ್ ರೂಮಿನ ಸಣ್ಣ ಕಿಟಕಿ ಕಾರಿಡಾರಿಗೆ ತೆರೆಯುತ್ತದೆ. ಕಪ್ಪು ಕಾಗದ ಅಂಟಿಸಿದ್ದೆ, ಆದರೂ ನೊಣ ಹೊರಗೆ ಬಂದವು, ವಾಸನೆಯೂ ಬಂತು. ಆ ಕಿಟಕಿಯ ಪಕ್ಕದಲ್ಲೇ ನೆರೆಮನೆಯ ಅಡುಗೆಮನೆ ಕಿಟಕಿ.

ಆ ಮನೆಯಲ್ಲಿ ಬಾಡಿಗೆಗಿದ್ದವಳು ಒಬ್ಬ ಒಂಟಿ ತಮಿಳು ಹೆಂಗಸು, ಐವತ್ತರ ಆಸುಪಾಸು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವಳು. ಕ್ಯಾಂಟೀನು ಮುಚ್ಚಿದ ಮೇಲೆ ಮನೆಯಲ್ಲೇ ಇಡ್ಲಿ ಮಾಡಿ ನಮ್ಮ ಬ್ಲಾಕಿನವರಿಗೆ ತಪಾವ್, ಅಂದರೆ ಪಾರ್ಸಲ್, ಕಟ್ಟಿಕೊಡುತ್ತಿದ್ದಳು. ಅದೇ ಅವಳ ಜೀವನ. ನನ್ನ ಹೆಂಡತಿಗೆ ಒಲೆಯ ಮುಂದೆ ನಿಲ್ಲಲಾಗದು ಎಂದು ತಿಳಿದ ಮೇಲೆ, ದಿನಾ ಬೆಳಿಗ್ಗೆ ನಮ್ಮ ಬಾಗಿಲ ಹಿಡಿಗೆ ಆರು ಇಡ್ಲಿಯ ಪೊಟ್ಟಣ ಸಿಕ್ಕಿಸಿ ಹೋಗುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ತಮಿಳು, ಕನ್ನಡ ಕಲಸಿ ಹೇಗೋ ಮಾತಾಡಿಕೊಳ್ಳುತ್ತಿದ್ದೆವು. ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ನಿವಾಸಿಗಳ ಸಮಿತಿಯ ಅಧ್ಯಕ್ಷರು ಬಾಗಿಲು ತಟ್ಟಿದರು. ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯ. ಕಾರಿಡಾರಿನಲ್ಲಿ ಹುಳಿ ನಾತ, ನೊಣ, ರೋಗದ ಕಾಲ ಬೇರೆ, ಮೂರು ಮನೆಯವರು ದೂರು ಕೊಟ್ಟಿದ್ದಾರೆ ಎಂದರು. ಎಲ್ಲ ಮನೆಗಳ ಒಳಗೂ ಒಮ್ಮೆ ನೋಡಿಬಿಡೋಣ ಎಂದು ಯೋಚಿಸುತ್ತಿದ್ದಾರಂತೆ. ಅವರು ನಿಂತಲ್ಲಿಂದ ಸ್ಟೋರ್ ರೂಮಿನ ಬಾಗಿಲಿಗೆ ನಾಲ್ಕು ಹೆಜ್ಜೆ.

"ಅಂಕಲ್, ನಿಮಗೆ ಗೊತ್ತಿರುತ್ತೆ ಲಾ. ಎಲ್ಲಿಂದ ಬರ್ತಿದೆ ಇದು?" ಎಂದು ಇಲ್ಲಿಯವರ ಹಾಗೆ 'ಲಾ' ಸೇರಿಸಿ ಕೇಳಿದರು.

ನಾನು ತಡವರಿಸಲಿಲ್ಲ. "ಪಕ್ಕದ ಮನೆಯಲ್ಲಿ ದಿನಾ ಹಿಟ್ಟು ರುಬ್ಬಿ ಹುಳಿ ಬರಿಸ್ತಾರೆ" ಎಂದೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಂತು. ಅವರು ತಲೆಯಾಡಿಸಿ ಅವಳ ಬಾಗಿಲಿಗೆ ಹೋದರು. ನಾನು ನಮ್ಮ ಬಾಗಿಲು ಹಾಕಿಕೊಂಡೆ.

ಆಮೇಲೆ ಆದದ್ದೆಲ್ಲ ಬೇಗ ಆಯಿತು. ಸಮಿತಿ ಅವಳ ಮನೆಯ ಮಾಲೀಕನಿಗೆ ಕಾಗದ ಬರೆಯಿತು. ಹಿಟ್ಟಿನ ವ್ಯಾಪಾರ ನಿಲ್ಲಿಸು, ಇಲ್ಲವೇ ಮನೆ ಖಾಲಿ ಮಾಡು ಎಂದು ಮಾಲೀಕ ಹೇಳಿದ. ನಿಲ್ಲಿಸಿದರೆ ತಿನ್ನುವುದೇನು? ಅವಳು ಬ್ಲೀಚಿಂಗ್ ಪುಡಿ ಹಾಕಿ ಕಾರಿಡಾರನ್ನೆಲ್ಲ ತೊಳೆದಳು. ನಮ್ಮ ಕಿಟಕಿಯ ಕೆಳಗೂ ತೊಳೆದಳು. ನೊಣ ಹೋಗಲಿಲ್ಲ. ಹೇಗೆ ಹೋದಾವು? ಆ ದಿನವಾದರೂ ಕುಂಡವನ್ನು ಹೊರಗೆ ಸುರಿದಿದ್ದರೆ ನಾತ ನಿಲ್ಲುತ್ತಿತ್ತು, ಅವಳು ಉಳಿಯುತ್ತಿದ್ದಳು. ಗಿಡದ ನೆತ್ತಿಯಲ್ಲಿ ಮೊಗ್ಗು ಕಾಣಿಸಿಕೊಂಡಿತ್ತು. ಇನ್ನೆರಡು ವಾರ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಓಡಾಟದ ನಿರ್ಬಂಧ ಸಡಿಲವಾದ ವಾರ ಅವಳು ಕ್ಲಾಂಗಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೊರಟಳು. ಸಣ್ಣ ಲಾರಿಯೊಂದು ಬಂತು. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಹಿಟ್ಟು ರುಬ್ಬುವ ಗ್ರೈಂಡರಿನ ಕಲ್ಲು ಭಾರ, ಅವಳೊಬ್ಬಳಿಗೆ ಎತ್ತಲಾಗದು. ನಾನು ಹೋಗಿ ಒಂದು ಕಡೆ ಹಿಡಿದೆ. ಲಿಫ್ಟಿನಲ್ಲಿ ಇಬ್ಬರ ನಡುವೆ ಆ ಕಲ್ಲು. ಮಾಸ್ಕಿನ ಮೇಲಿದ್ದ ಅವಳ ಕಣ್ಣು ಕೆಂಪಾಗಿತ್ತು.

"ನೀವೊಬ್ಬರಾದರೂ ಬಂದಿರಲ್ಲ ಅಣ್ಣಾ" ಎಂದಳು. "ಅತ್ತಿಗೆಗೆ ಎಣ್ಣೆ ತಾಗಿಸಬೇಡಿ, ಉರಿ ಜಾಸ್ತಿಯಾಗುತ್ತೆ."

ನಾನು ಹೂಂ ಎಂದೆ. ಹೇಳಲು ಏಳು ಮಹಡಿಯಷ್ಟು ಹೊತ್ತು ಇತ್ತು.

ಹತ್ತು ದಿನದ ಮೇಲೆ ಮೊಗ್ಗು ಗೊಂಚಲು ಗೊಂಚಲಾಗಿ ಸಣ್ಣ ಗುಂಡುಗಳ ಹಾಗೆ ಜೋತುಬಿತ್ತು. ಫೋನಿನಲ್ಲಿ ವೀಡಿಯೊ ಹುಡುಕಿ ನೋಡಿದಾಗ ತಿಳಿಯಿತು, ಅದು ಗಂಡು ಗಿಡ. ಔಷಧಕ್ಕೆ ಬೇಕಾದದ್ದು ಹೆಣ್ಣು ಗಿಡದ ಹೂವು. ಗಂಡು ಹೆಣ್ಣು ತಿಳಿಯದೆ ಬೆಳೆಸುವುದು ಹೊಸಬರ ತಪ್ಪುಗಳಲ್ಲೆಲ್ಲ ಮೊದಲನೆಯದಂತೆ. ಅದೇ ಸಂಜೆ ಕತ್ತರಿಸಿ, ಚೂರು ಮಾಡಿ, ಬಿಸಿನೀರಿನಲ್ಲಿ ಕುದಿಸಿ ಟಾಯ್ಲೆಟ್ಟಿಗೆ ಸುರಿದೆ. ಕುಂಡದ ಕೊಳೆತ ಮಣ್ಣನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಮರುವಾರಕ್ಕೆ ಕಾರಿಡಾರಿನಲ್ಲಿ ನಾತವಿಲ್ಲ. ಪಕ್ಕದ ಮನೆ ಖಾಲಿಯಾದದ್ದೇ ಒಳ್ಳೆಯದಾಯಿತು ಎಂದು ಅಧ್ಯಕ್ಷರು ಲಿಫ್ಟಿನ ಬಳಿ ನನಗೆ ಹೇಳಿದರು. ಅದಕ್ಕೂ ತಲೆಯಾಡಿಸಿದೆ.

ಹೆಂಡತಿಗೆ ಕೊನೆಗೂ ಆಸ್ಪತ್ರೆಯ ದಿನ ಸಿಕ್ಕಿತು. ನರದ ನೋವಿನ ಮಾತ್ರೆ ಕೊಟ್ಟರು, ನಾಲ್ಕು ತಿಂಗಳಲ್ಲಿ ಉರಿ ಮುಕ್ಕಾಲು ಇಳಿಯಿತು. ಅವಳು ಮೊದಲ ಸಲ ನೆಮ್ಮದಿಯಿಂದ ಸೆರಗು ಹೊದ್ದ ದಿನ, ಅಧ್ಯಕ್ಷರಿಗೆ ನಾನು ಹೇಳಿದ್ದನ್ನು ಅವಳಿಗೆ ಹೇಳಿದೆ. ನಿನ್ನ ಬೆನ್ನು ನೋವಿಗಾಗಿಯೇ ಎಲ್ಲ ಮಾಡಿದ್ದು ಎಂದೆ.

ಹೊದ್ದಿದ್ದ ಸೆರಗನ್ನು ಸರಿಮಾಡಿಕೊಂಡಳು. ಆಮೇಲೆ, "ನನ್ನ ಬೆನ್ನನ್ನು ಇದಕ್ಕೆ ತರಬೇಡಿ" ಎಂದಳು. "ನಾನು ಬೇಡ ಅಂದಿದ್ದೆ. ನಿಮಗೆ ಗಿಡ ಬೇಕಿತ್ತು."

ಅದು ಸರಿಯಾದ ತೀರ್ಪು. ಅದರ ಮೇಲೆ ಮನವಿ ಸಲ್ಲಿಸಲು ನನ್ನಲ್ಲಿ ಏನೂ ಇಲ್ಲ. ನೋವು ಅವಳದಾಗಿತ್ತು, ಆದರೆ ಛಲ ನನ್ನದು. ಗಿಡಕ್ಕೆ ಮಾಡಿದ ತಪ್ಪುಗಳನ್ನು ಪುಸ್ತಕ ಓದಿ ತಪ್ಪಿಸಬಹುದಿತ್ತು. ಬಾಗಿಲಲ್ಲಿ ನಿಂತು ಆಡಿದ ಮಾತನ್ನು ತಪ್ಪಿಸಲು ಯಾವ ಪುಸ್ತಕವೂ ಬೇಕಿರಲಿಲ್ಲ.

ಕಳೆದ ವರ್ಷ ಕ್ಲಾಂಗಿಗೆ ಹೋಗಿದ್ದೆ. ಬಂದರಿನ ರಸ್ತೆಯಲ್ಲಿ ಅವಳ ತಂಗಿಯ ಗಂಡನದೊಂದು ತಿಂಡಿ ಅಂಗಡಿ. ಅಲ್ಲಿ ಕೂಲಿಗೆ ಇಡ್ಲಿ ಬೇಯಿಸುತ್ತಿದ್ದಳು, ತೆಳ್ಳಗಾಗಿದ್ದಳು. ಗುರುತು ಹಿಡಿದು ಹೊರಗೆ ಬಂದಳು, ಅತ್ತಿಗೆ ಹೇಗಿದ್ದಾರೆ ಎಂದಳು. ಚೆನ್ನಾಗಿದ್ದಾಳೆ ಎಂದೆ. ಹೇಳಲೆಂದೇ ಹೋದವನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಈ ಬರಹವನ್ನು ತಮಿಳು ಬಲ್ಲವರಿಂದ ಓದಿಸಿ ಅವಳಿಗೆ ಕೇಳಿಸಬೇಕೆಂದಿದ್ದೇನೆ. ಜೊತೆಗೆ ನಾನೂ ಹೋಗುತ್ತೇನೆ. ನಾನು ಕ್ಷಮೆ ಕೇಳಬೇಕಾದದ್ದು ನನ್ನ ಹೆಂಡತಿಯನ್ನಲ್ಲ, ಅಧ್ಯಕ್ಷರನ್ನಲ್ಲ, ಈ ದೇಶದ ಕಾನೂನನ್ನೂ ಅಲ್ಲ. ಅಣ್ಣ ಎಂದು ಕರೆದು ಇಡ್ಲಿ ಕೊಟ್ಟ ಪಕ್ಕದ ಮನೆಯ ತಂಗಿಯನ್ನು.