ನೆಟ್ಟಗೆ ಕಾಣುವವರೆಗೆ ಟ್ಯಾಬ್

ಬೆಳಿಗ್ಗೆ ಕಚೇರಿಯ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದರು. ಆ ವಾಸನೆಗೆ ನಮ್ಮ ದನದ ಡಾಕ್ಟರು ನೆನಪಾದರು. ನೆನಪಾದ ಕೂಡಲೇ ಸಿಟ್ಟೂ ಬಂತು...

ರಾಯಬಾಗ ತಾಲ್ಲೂಕಿನ ದನದ ದವಾಖಾನೆಯಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಲಸಿಕೆ ಹಾಕಿದ ದನಗಳ ವಿವರವನ್ನು ಅವರು ಟೈಪ್ ಮಾಡಿ ಕೊಡುತ್ತಿದ್ದರು; ಅದನ್ನು ಹೊಸ ತಂತ್ರಾಂಶ ಒಪ್ಪುವಂಥ ಕೋಷ್ಟಕ ಮಾಡುವುದು ನನ್ನ ಕೆಲಸ. ಒಂದು ಸಲ ಟ್ಯಾಬ್ ಒತ್ತಿದರೆ ಒಂದು ಕಾಲಂ ಮುಗಿದಂತೆ. ಡಾಕ್ಟರು ಮಾತ್ರ ಪರದೆಯ ಮೇಲೆ ಸಾಲು ನೆಟ್ಟಗೆ ಕಾಣುವವರೆಗೆ ಎರಡು, ಮೂರು, ಮನಸ್ಸಿಗೆ ಬಂದಷ್ಟು ಒತ್ತುತ್ತಿದ್ದರು. ಊರಿನ ಹೆಸರು ತಾರೀಖಿನ ಜಾಗಕ್ಕೆ ಹೋಗಿ ಕೂರುತ್ತಿತ್ತು.

"ನೋಡಾಕ ನೆಟ್ಟಗ ಐತಲ್ಲ ತಂಗಿ, ಇನ್ನೇನ ಬೇಕ?" ಎನ್ನುತ್ತಿದ್ದರು.

"ನಿಮ್ಮ ಕಣ್ಣಿಗೆ ನೆಟ್ಟಗ ಐತ್ರಿ ಸರ. ಕಂಪ್ಯೂಟರಿಗೆ ಕಣ್ಣ ಎಲ್ಲಿ ಅದಾವ್ರಿ?"

ನಮ್ಮ ತಾಲ್ಲೂಕಿನ ಅಲಖನೂರಿಗೆ ಕಾಲುಬಾಯಿ ಬೇನೆ ಬಂದಾಗ ಈ ಚೆಂದವೇ ಕುತ್ತಿಗೆಗೆ ಬಂತು. ಲಸಿಕೆ ಆಗದ ದನಗಳು ಯಾವುವು ಎಂದು ತಕ್ಷಣ ತಿಳಿಯಬೇಕಿತ್ತು. ಲಸಿಕೆಯ ಗಾಡಿ ಚಿಕ್ಕೋಡಿ ಬಿಟ್ಟು ನಮ್ಮ ಕಡೆ ಹೊರಟಾಗಿತ್ತು. ತಂತ್ರಾಂಶ ನೋಡಿದರೆ ಎಲ್ಲದಕ್ಕೂ ಹಾಕಿ ಆಗಿದೆ ಎಂದಿತು! ಲಸಿಕೆಯ ಕಾಲಂನಲ್ಲಿ ಮಾಲೀಕರ ಹೆಸರುಗಳು ಕೂತಿದ್ದವು. ಅಲ್ಲಿ ಏನೋ ಒಂದು ಬರೆದಿದ್ದರೆ ಸಾಕು, ಲಸಿಕೆ ಆಯಿತೆಂದೇ ಅದರ ತಿಳಿವಳಿಕೆ.

ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಕೇಳಿದೆ.

"ಇದಕ್ಕ ಚುಚ್ಚೀರೇನ್ರಿ?"

"ಆ ಎಮ್ಮಿ ಭಾಳ ಒದೀತೈತಿ ನೋಡ."

"ಚುಚ್ಚೀರೋ ಇಲ್ಲೋ ಹೇಳ್ರಿ!"

"ಚುಚ್ಚಿರಬೇಕ..."

ತಲೆ ಚಚ್ಚಿಕೊಳ್ಳುವಂತಾಯಿತು. ಕೊನೆಗೆ ಅವರೇ ಮನೆಮನೆಗೆ ಫೋನ್ ಹಚ್ಚಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೂಗಿ ಕೂಗಿ ಕೇಳಿದರು. ಕಾಲುವೆಯಾಚೆಯ ತೋಟದ ಮನೆಗಳೇ ಪೂರ್ತಿ ತಪ್ಪಿಹೋಗಿದ್ದವು. ಚಹಾ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದರು.

ಅಲ್ಲಿಯ ದನಗಳು ಉಳಿದವು, ಒಂದು ಕರು ಬಿಟ್ಟು. ಅದರ ಸಾಲನ್ನು ನಾನು ಅಳಿಸಲು ಹೋದಾಗ ಡಾಕ್ಟರು ತಡೆದರು. "ಅದನ್ನ ತಗೀಬ್ಯಾಡ ತಂಗಿ. ನನ್ನ ಕಣ್ಣ ಮುಂದ ಇರ್ಲಿ."

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡೆ. ಮರುವಾರದ ಫೈಲಿನಲ್ಲಿ ಮತ್ತೆ ಮೂರು ಮೂರು ಟ್ಯಾಬ್!

ಹೋದ ವರ್ಷ ಅವರು ತೀರಿಕೊಂಡರು. ಅವರ ಹಳೆಯ ಫೈಲುಗಳನ್ನು ಈಗಲೂ ನಾನೇ ಸರಿಮಾಡುತ್ತಿದ್ದೇನೆ. ಇವತ್ತು, ಅವರು ಯಡೂರಿನ ಕಡೆ ಕೆಲಸದಲ್ಲಿದ್ದಾಗಿನ ಒಂದು ಸಾಲು ಸಿಕ್ಕಿತು. ಮಾಲೀಕರ ಹೆಸರು ಇರಬೇಕಾದಲ್ಲಿ ಬರೀ "ಅವರದೇ" ಎಂದು ಹೊಡೆದಿದ್ದಾರೆ.

"ಅವರದ ಅಂದ್ರ ಯಾರದ್ರಿ ಸರ?" ಎಂದು ಜೋರಾಗಿಯೇ ಕೇಳಿಬಿಟ್ಟೆ.

ಆ ಸಾಲನ್ನು ಹಾಗೆಯೇ ಬಿಟ್ಟು ಕೆಳಗಿನದಕ್ಕೆ ಹೋದೆ.