ರೆಕಾರ್ಡಿಂಗ್ ಯಾರದು?

"ನೀವು ಹಾಡಿದ್ದನ್ನೆಲ್ಲ ನಾವು ರೆಕಾರ್ಡ್ ಮಾಡ್ಕೋತೀವಿ. ಆಮೇಲೆ ಅದು ನಮ್ದೇ," ಎಂದರು ಇಂದಿರಾನಗರದ ಪಬ್ಬೊಂದರ ಮಾಲೀಕರು, ಇವತ್ತು ಮಧ್ಯಾಹ್ನ.

ಗೆಳೆಯರೇ, ನಮ್ಮ ಬ್ಯಾಂಡಿಗೆ ನಾನು ಗಾಯಕಿ. ಮ್ಯಾನೇಜರನ್ನು ಇಟ್ಟುಕೊಳ್ಳುವ ತಾಕತ್ತಿಲ್ಲದ್ದರಿಂದ ಮ್ಯಾನೇಜರೂ ನಾನೇ. ಶನಿವಾರದ ಶೋ ಮಾತಾಡಲು ಡ್ರಮ್ಮರ್ ಇಮ್ರಾನನ ಜೊತೆ ಹೋಗಿದ್ದೆ.

"ಹಾಡು ನಾವೇ ಕಟ್ಟಿದ್ದು ಸರ್. ರೆಕಾರ್ಡಿಂಗೂ ನಮ್ದೇ ಆಗಿರ್ಬೇಕು," ಎಂದೆ. ಅವರು ಏನೂ ಹೇಳದೆ ನಮ್ಮನ್ನೇ ನೋಡುತ್ತ ಕೂತರು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರು ಎಂದು ಇಮ್ರಾನನಿಗೆ ದಾರಿಯುದ್ದಕ್ಕೂ ಹೇಳಿದ್ದೆ. ಆದರೆ ಯಾರಾದರೂ ಸುಮ್ಮನಾದರೆ ಅವನಿಗೆ ಉಸಿರು ಕಟ್ಟುತ್ತದೆ.

"ಬೇಜಾರ್ ಮಾಡ್ಕೋಬೇಡಿ ಸರ್, ಸ್ಪೀಕರ್ ಎಲ್ಲಾ ನಾವೇ ತರ್ತೀವಿ!" ಎಂದುಬಿಟ್ಟ.

ಸ್ಪೀಕರ್ ಯಾರೂ ಕೇಳಿರಲಿಲ್ಲ. ನಮ್ಮ ಹತ್ತಿರ ಸ್ಪೀಕರ್ ಇಲ್ಲವೇ ಇಲ್ಲ. ಮಾಲೀಕರ ಮುಖ ಅರಳಿತು. "ಮತ್ತೆ ರೆಕಾರ್ಡಿಂಗು?" ಎಂದು ಅವನನ್ನೇ ಕೇಳಿದರು. ಇಮ್ರಾನ್ ಬಾಯಿ ತೆರೆದ. ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದೆ.

"ಅದು ನಮ್ದಲ್ಲ ಅಂದ್ರೆ ಶೋನೇ ಬೇಡ ಸರ್," ಎಂದೆ. ಈ ಸಲ ಮೂವರೂ ಸುಮ್ಮನೆ ಕೂತೆವು. ಕೊನೆಗೆ ಅವರೇ ಸೋತರು. "ಸರಿ ಬಿಡಮ್ಮ, ನೀವೇ ಇಟ್ಕೊಳ್ಳಿ. ಸ್ಪೀಕರ್ ಮಾತ್ರ ಮರೀಬೇಡಿ."

ಹೊರಗೆ ಬಂದೊಡನೆ ಇಮ್ರಾನ್ ಗೋಳಾಡಿದ. "ತುಳಿಯಕ್ಕೆ ಬೇರೆ ಕಾಲು ಸಿಗ್ಲಿಲ್ವಾ ಅಕ್ಕಾ? ಡ್ರಮ್ ಪೆಡಲ್ ಒತ್ತೋ ಕಾಲು ಇದೇ!"

ಈಗ ಶಿವಾಜಿನಗರದಲ್ಲಿ ಬಾಡಿಗೆ ಸ್ಪೀಕರ್ ಹುಡುಕುತ್ತಿದ್ದೇವೆ. ಶನಿವಾರ ಎಲ್ಲರೂ ಬನ್ನಿ. ಹಾಡು ಪೂರ್ತಿ ನಮ್ಮದೇ, ತಾಳ ಸ್ವಲ್ಪ ಕುಂಟಬಹುದು.