ಎರಡನೆಯ ಯಾದಿ

ಆಗ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಮುರುಮದ ಸುತ್ತಿನ ಹಳ್ಳಿಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶವೂ ಮೊದಲ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಿದ್ದವು. ಬಾವಿಯ ಹತ್ತಿರ ನಿಂತವರು, ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತ ಕೂತವರು, ಎಲ್ಲರ ಬಾಯಲ್ಲೂ ಎರಡೇ ಮಾತು: ಹೊಲ ಎಷ್ಟು ಹಸಿಯಾಗಿದೆ, ಯಾರ ಮಗಳಿಗೆ, ಯಾರ ಮಗನಿಗೆ ಎಷ್ಟು ಟಕ್ಕೆ ಬಂದಿದೆ. ಶೇಕಡಾ ಎನ್ನುವುದಕ್ಕೆ ನಾವು ಟಕ್ಕೆ ಎನ್ನುತ್ತಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ; ಲೆಕ್ಕದ ಮಾತೆಲ್ಲ ಮರಾಠಿಯಲ್ಲೇ ಬಾಯಿಗೆ ಬರುತ್ತಿತ್ತು. ಟಕ್ಕೆ ತಿಳಿದ ಮೇಲೆ ಮುಂದಿನ ಪ್ರಶ್ನೆ ಒಂದೇ.

"ಲಾತೂರಕ್ಕ ನಂಬರ್ ಹತ್ತತದೇನು?"

ಲಾತೂರಿನ ಒಂದು ಕಾಲೇಜಿನಲ್ಲಿ ಹನ್ನೊಂದನೆಯ ವಿಜ್ಞಾನಕ್ಕೆ ಸೀಟು ಸಿಕ್ಕರೆ ಅರ್ಧ ಡಾಕ್ಟರಾದಂತೆ ಎಂದು ಉಮರಗಾ, ನಿಲಂಗಾ, ಉದಗೀರ ಮೂರೂ ತಾಲೂಕಿನವರು ನಂಬಿದ್ದರು. ಅಂಕಗಳ ಪ್ರಕಾರ ಹೆಸರು ಬರೆದ ಯಾದಿಯನ್ನು ಕಾಲೇಜಿನ ಗೋಡೆಗೆ ಅಂಟಿಸುತ್ತಿದ್ದರು. ಅದರಲ್ಲಿ ಹೆಸರಿದ್ದರೆ ನಂಬರ್ ಹತ್ತಿತು, ಇಲ್ಲದಿದ್ದರೆ ಇಲ್ಲ.

ನಮ್ಮದು ಜಂಗಮರ ಮನೆ. ಅಪ್ಪ ಊರಿನ ಭಕ್ತರ ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದರು. ಬಿತ್ತುವುದಕ್ಕೆ ದಿನ ಕೇಳಲು, ಹೆಣ್ಣು ನೋಡಲು ಹೊರಡುವ ಮೊದಲು ಒಂದು ಮಾತು ಕೇಳಲು ಜನ ನಮ್ಮ ಪಡಸಾಲೆಗೆ ಬರುತ್ತಿದ್ದರು. ಅಪ್ಪ ಪಂಚಾಂಗ ತೆರೆದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಎದುರಿನವರನ್ನು ಕಾಯಿಸಿ ಆಮೇಲೆ ಮಾತಾಡುತ್ತಿದ್ದರು. ಆ ಕಾಯಿಸುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ಹಿಂದಿನ ವರ್ಷ ಲಾತೂರಿನ ಮೊದಲ ಯಾದಿ ಎಷ್ಟು ಟಕ್ಕೆಗೆ ನಿಂತಿತ್ತೆಂಬ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ಫಲಿತಾಂಶ ಬಂದ ವಾರ ನನ್ನ ಕ್ಲಾಸಿನವರೆಲ್ಲ ಅಂಕಪಟ್ಟಿ ಹಿಡಿದು ಬಂದರು. ಅಪ್ಪ ಹೊರಗೆ ಹೋದ ಹೊತ್ತು ನೋಡಿ ಅವರ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, ಹತ್ತತದ, ಹತ್ತಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಹತ್ತತದ ಎನ್ನಿಸಿಕೊಂಡವರು ಹುಣಸೆಹಣ್ಣು ಬೆಲ್ಲ ಕುಟ್ಟಿ ಮಾಡಿದ ಚಿಗಳಿ ತಂದುಕೊಡುತ್ತಿದ್ದರು. ನಾನು ಅದನ್ನು ಚೀಪುತ್ತ ಮುಂದಿನವರ ಭವಿಷ್ಯ ನೋಡುತ್ತಿದ್ದೆ. ಅದು ನಮಗೆ ಆಟವೇ ಆಗಿತ್ತು.

ನನಗೆ ತೊಂಬತ್ತೆರಡು ಬಂದಿತ್ತು. ಮಹಾನಂದಾಗೆ ಎಂಬತ್ತೆಂಟೂವರೆ.

ನಂದಾ ನಮ್ಮ ಓಣಿಯ ಶರಣಪ್ಪಕಾಕಾನ ಮಗಳು. ಒಕ್ಕಲುತನದ ಮನೆ, ಊರ ಪಕ್ಕದಲ್ಲೇ ಕರಿಮಣ್ಣಿನ ಹೊಲ. ಒಂದನೆಯ ತರಗತಿಯಿಂದ ನಾವಿಬ್ಬರೂ ಒಂದೇ ಬೆಂಚು. ನಾನು ಮೊದಲನೆಯವಳು, ಅವಳು ಎರಡನೆಯವಳು. ಹತ್ತು ವರ್ಷ ಹೀಗೇ ನಡೆದಿತ್ತು. ಆದರೆ ಗಣಿತದಲ್ಲಿ ಅವಳು ನನಗಿಂತ ಎಷ್ಟೋ ಮುಂದು. ನಾನು ಪುಸ್ತಕ ಬಾಯಿಪಾಠ ಮಾಡಿ ಬರೆದದ್ದನ್ನು ಅವಳು ಆಗಿಂದಾಗ ಯೋಚಿಸಿ ಬಿಡಿಸುತ್ತಿದ್ದಳು. ಅದು ಮೇಷ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅರ್ಜಿ ತುಂಬಲು ಅಪ್ಪ ನನ್ನನ್ನು ಎಸ್‌ಟಿ ಬಸ್ಸಿನಲ್ಲಿ ಲಾತೂರಿಗೆ ಕರೆದುಕೊಂಡು ಹೋದರು. ಕಾಲೇಜಿನ ಕಿಟಕಿಯ ಮುಂದೆ ಉದ್ದ ಸಾಲು. ಕಾಲುನೋವಿನ ಅಪ್ಪ ಬೇವಿನ ಗಿಡದ ನೆರಳಿಗೆ ಹೋಗಿ ಕೂತರು. ನನ್ನ ಸರದಿ ಬಂದಾಗ ಕಿಟಕಿಯೊಳಗಿನ ಮುದುಕ ಗುಮಾಸ್ತ ನನ್ನ ಅಂಕಪಟ್ಟಿ ನೋಡಿ ಮರಾಠಿಯಲ್ಲಿ, ನಿನ್ನದು ಮೊದಲ ಯಾದಿಯಲ್ಲೇ ಬರುತ್ತದೆ ಬಿಡು ಎಂದ. ಆಮೇಲೆ ತಾನಾಗಿಯೇ ಇನ್ನೊಂದು ಮಾತು ಹೇಳಿದ. ಮೊದಲ ಯಾದಿಯವರು ಎಷ್ಟೋ ಮಂದಿ ಬೇರೆ ಊರಿಗೆ ಹೋಗಿಬಿಡುತ್ತಾರೆ. ಎರಡನೆಯ ಯಾದಿ ಪ್ರತಿವರ್ಷವೂ ಎರಡು ಮೂರು ಟಕ್ಕೆ ಇಳಿಯುತ್ತದೆ. ನಿಮ್ಮ ಕಡೆಯವರು ಪೇಪರಿನ ಸುದ್ದಿ ನೋಡಿ ಹೆದರಿ ಅರ್ಜಿಯನ್ನೇ ತುಂಬುವುದಿಲ್ಲ. "ಎಂಬತ್ತೇಳು ಎಂಬತ್ತೆಂಟು ಇದ್ದವರಿಗೂ ತುಂಬಲು ಹೇಳು. ಶನಿವಾರದವರೆಗೆ ಸಮಯವಿದೆ."

ಹೂಂ ಎಂದೆ. ಬೇವಿನ ಗಿಡದ ಕೆಳಗಿದ್ದ ಅಪ್ಪನಿಗೆ ಆ ಮಾತು ಹೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಂದಾಳದ್ದೇ ಯೋಚನೆ.

ಮರುದಿನ ಬೆಳಿಗ್ಗೆಯೇ ಶರಣಪ್ಪಕಾಕಾ ನಂದಾಳನ್ನು ಕರೆದುಕೊಂಡು ಬಂದ. ಮಾವಿನಹಣ್ಣಿನ ಬುಟ್ಟಿ ಪಡಸಾಲೆಯಲ್ಲಿಟ್ಟು ಅಪ್ಪನ ಪಾದ ಮುಟ್ಟಿದ. ಮನೆಯೆಲ್ಲ ಹಣ್ಣಿನ ವಾಸನೆ ತುಂಬಿತು.

"ಅಯ್ನೋರ, ಈಕಿಗಿ ಎಂಬತ್ತೆಂಟೂವರಿ ಬಿದ್ದಾವ. ಲಾತೂರಕ್ಕ ನಂಬರ್ ಹತ್ತತದೇನು ನೋಡ್ರಿ."

ಅಪ್ಪ ನಕ್ಕರು. "ಶರಣಪ್ಪಾ, ಇದು ನನ್ನ ಪಂಚಾಂಗದಾಗ ಇಲ್ಲಪಾ. ಗಿರಿಜಾ ಹೋಗಿ ನೋಡಿ ಬಂದಾಳ, ಆಕಿಗೇ ಕೇಳು."

ಶರಣಪ್ಪಕಾಕಾ ನನ್ನ ಕಡೆ ತಿರುಗಿದ. ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವನು, ಆದರೂ ಅಯ್ಯನವರ ಮನೆಯ ಕೂಸೆಂದು ನನಗೂ ಮರ್ಯಾದೆ ಕೊಡುತ್ತಿದ್ದ. "ನೀವೇ ಹೇಳ್ರೆವ್ವಾ," ಎಂದ.

ನಾನು ಪೇಪರಿನ ತುಂಡು ತಂದು ಬಿಡಿಸಿದೆ. ಕಣ್ಣು ಮುಚ್ಚಲಿಲ್ಲ. ಆದರೂ ಸ್ವಲ್ಪ ಹೊತ್ತು ಕಾಯಿಸಿದೆ.

"ಹತ್ತಲ್ಲ ಕಾಕಾ. ಹ್ವಾದ ವರ್ಷ ತೊಂಬತ್ತಕ್ಕ ನಿಂತದ."

"ಎರಡನೇ ಯಾದಿ ಸುದ್ದಾ ಹಚ್ಚತಾರಂತಲ್ಲ, ಗಿರಿ?" ನಂದಾ ಕೇಳಿದಳು.

"ಹಚ್ಚತಾರ. ಖರೇ ಭಾಳ ಇಳಿಯಲ್ಲ. ಪಾವು, ಅರ್ಧಾ ಟಕ್ಕೆ ಅಷ್ಟೇ."

ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಅಚ್ಚರಿಯಾಯಿತು. ನಂದಾ ನನ್ನ ಕೈಯಿಂದ ಪೇಪರ್ ಇಸಿದುಕೊಂಡು ತಾನೂ ಓದಿದಳು. ಓದಿ, ಮಡಚಿ ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದು ಅಂಗಳ ದಾಟಿ ಹೋದಳು. ಶರಣಪ್ಪಕಾಕಾ ಒಂದು ಕ್ಷಣ ನಿಂತ. ಮುಖ ಇಳಿದಿತ್ತು.

"ಈಕಿ ಸಲುವಾಗಿ ಲಾತೂರದಾಗ ನಮ್ಮ ಬೀಗರ ಮನ್ಯಾಗ ಇರ್ಲಕ ಒಂದು ಖೋಲಿ ಮಾತಾಡಿ ಇಟ್ಟಿದ್ದೆ, ಅಯ್ನೋರ. ಆಕಿಗಿ ಹೇಳಿದ್ದಿಲ್ಲ, ನಂಬರ್ ಹತ್ತಿದ ಮ್ಯಾಲ ಹೇಳಬೇಕಂತ. ಇರ್ಲಿ. ಈ ಕೂಸು ಹೇಳಿದ ಮ್ಯಾಲ ಮುಗೀತು."

ಮತ್ತೊಂದು ಪ್ರಶ್ನೆ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಯಾಕೆ ಹಾಗೆ ಹೇಳಿದೆ ಎಂದು ಈಗ ನನ್ನನ್ನು ಯಾರೂ ಕೇಳುವುದಿಲ್ಲ, ನಾನೇ ಕೇಳಿಕೊಳ್ಳುತ್ತೇನೆ. ನಮ್ಮೂರಿಂದ ಲಾತೂರಿಗೆ ಹೋದ ಹುಡುಗಿ ನಾನೊಬ್ಬಳೇ ಆಗಬೇಕು ಎಂಬ ಆಸೆಯಿತ್ತು. ಅದಕ್ಕಿಂತ ದೊಡ್ಡದು ಭಯ. ಇಲ್ಲಿಯತನಕ ಒಂದು ಹೆಜ್ಜೆ ಹಿಂದಿದ್ದವಳು ಅಲ್ಲಿ, ಬರೀ ಗಣಿತ ಮತ್ತು ವಿಜ್ಞಾನವಿರುವ ಕಡೆ, ನನ್ನನ್ನು ದಾಟಿ ಹೋಗುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಶನಿವಾರಕ್ಕೆ ಇನ್ನೂ ಮೂರು ದಿನವಿತ್ತು. ಹೇಳಿಬಿಡೋಣ ಎಂದು ಒಂದು ಮಧ್ಯಾಹ್ನ ಅವರ ಹೊಲಕ್ಕೂ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು, ಮಣ್ಣಿನಿಂದ ಹಬೆ ಏಳುತ್ತಿತ್ತು. ಶರಣಪ್ಪಕಾಕಾ ಎತ್ತು ಹೂಡಿ ಕೂರಿಗೆ ಹೊಡೆಯುತ್ತಿದ್ದ. ಹಿಂದೆ ನಂದಾ ಉಡಿಯಲ್ಲಿ ತೊಗರಿ ಕಟ್ಟಿಕೊಂಡು ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ನಡೆಯುತ್ತಿದ್ದಳು. ನನ್ನನ್ನು ನೋಡಿ ಬದುವಿಗೆ ಬಂದಳು. ಇಬ್ಬರೂ ಕೂತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಅವಳು ಮುಷ್ಟಿಯಿಂದ ಗುದ್ದಿ ಒಡೆದು, ಒಳಗಿನ ಎಳೆಯ ಭಾಗವನ್ನು ನನಗೆ ಕೊಟ್ಟಳು.

"ಕಾಲೇಜ್ ಹ್ಯಾಂಗದ ಗಿರಿ? ಭಾಳ ದೊಡ್ಡದದೇನು?"

"ಹೂಂ. ದೊಡ್ಡದದ."

"ದೀಪಾವಳಿಗಿ ಬರುವಾಗ ಗಣಿತದ ಪುಸ್ತಕ ತಗೊಂಡು ಬಾ. ನಾ ಒಂದ್ಸಲ ನೋಡ್ತೀನಿ."

ಆಗ ಹೇಳಬಹುದಿತ್ತು. ಬಾಯಲ್ಲಿ ರೊಟ್ಟಿಯಿತ್ತು, ನುಂಗಿ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಶರಣಪ್ಪಕಾಕಾ ಆ ತುದಿಯಿಂದ ಅವಳನ್ನು ಕೂಗಿದ. ಅವಳು ಕೈ ಒರೆಸಿಕೊಂಡು ಎದ್ದು ಓಡಿದಳು. ನಾನು ಮನೆಗೆ ಬಂದೆ. ಶನಿವಾರವೂ ಕಳೆಯಿತು.

ಮೊದಲ ಯಾದಿಯಲ್ಲಿ ನನ್ನ ಹೆಸರು ಬಂತು. ಎರಡನೆಯ ಯಾದಿ ಅಂಟಿಸಿದ ದಿನ ನಾನು ಕಾಲೇಜಿನಲ್ಲೇ ಇದ್ದೆ. ಎಲ್ಲರ ಹಿಂದೆ ನಿಂತು, ಜನ ಕರಗಿದ ಮೇಲೆ ಹತ್ತಿರ ಹೋಗಿ ಕೊನೆಯ ಹೆಸರಿನ ಮುಂದೆ ಏನಿದೆ ನೋಡಿದೆ. ಎಂಬತ್ತೇಳಕ್ಕೆ ಬಂದು ನಿಂತಿತ್ತು.

ನಂದಾ ಮುರುಮದಲ್ಲಿ ಕಲಾ ವಿಭಾಗಕ್ಕೆ ಸೇರಿದಳು. ದೀಪಾವಳಿಗೆ ನಾನು ಗಣಿತದ ಪುಸ್ತಕ ಒಯ್ಯಲಿಲ್ಲ, ಅವಳೂ ಕೇಳಲಿಲ್ಲ. ಪದವಿ ಮುಗಿಯುವ ಮೊದಲೇ ದೇವಣಿಯ ಕಡೆ ಮದುವೆಯಾಗಿ ಹೋದಳು. ಈಗ ಅಲ್ಲಿ ಅಂಗನವಾಡಿಯಲ್ಲಿ ಕಲಿಸುತ್ತಾಳೆ. ನಾನೂ ಡಾಕ್ಟರಾಗಲಿಲ್ಲ. ಹನ್ನೆರಡನೆಯ ತರಗತಿಯ ಗಣಿತದಲ್ಲಿ ಕಷ್ಟಪಟ್ಟು ಪಾಸಾಗಿ, ಫಾರ್ಮಸಿ ಓದಿ, ಉದಗೀರಿನಲ್ಲಿ ಗಂಡನ ಜೊತೆ ಔಷಧದ ಅಂಗಡಿ ನೋಡಿಕೊಂಡಿದ್ದೇನೆ.

ಹೋದ ಬೇಸಿಗೆ ನಿಲಂಗಾದಲ್ಲಿ ಒಂದು ಮದುವೆಯಲ್ಲಿ ಇಬ್ಬರೂ ಸೇರಿದೆವು. ಊಟವಾದ ಮೇಲೆ ಮಂಟಪದ ಹಿಂದೆ ಕುರ್ಚಿ ಹಾಕಿಕೊಂಡು ಕೂತಾಗ ಅವಳ ಮಗಳ ಮಾತು ಬಂತು. ಹುಡುಗಿ ಹತ್ತನೆಯ ಪರೀಕ್ಷೆ ಬರೆದಿದ್ದಳು. ಈಗ ಯಾದಿಗಾಗಿ ಲಾತೂರಿನ ಗೋಡೆಯ ತನಕ ಹೋಗಬೇಕಿಲ್ಲ, ಎಲ್ಲ ಮೊಬೈಲಿನಲ್ಲೇ ಬರುತ್ತದೆ, ಪಡಸಾಲೆಗೆ ಬಂದು ಯಾರನ್ನೂ ಕೇಳಬೇಕಿಲ್ಲ ಎಂದು ನಂದಾ ನಗುತ್ತ ಹೇಳುತ್ತಿದ್ದಳು. ನಾನು ಅವಳ ಮಾತು ತಡೆದು ಎಲ್ಲವನ್ನೂ ಹೇಳಿಬಿಟ್ಟೆ. ಕಿಟಕಿಯ ಗುಮಾಸ್ತ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಆಮೇಲೆ ಪಡಸಾಲೆಯಲ್ಲಿ ಅವಳಪ್ಪ ಖೋಲಿಯ ಬಗ್ಗೆ ಹೇಳಿದ್ದು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಎರಡನೇ ಯಾದಿ ಇಳಿದದ್ದು ನನಗ ಆ ವರ್ಷನೇ ಗೊತ್ತಾಗಿತ್ತು ಗಿರಿ," ಎಂದಳು. "ನೀ ನನ್ನಷ್ಟೇ ಹುಡುಗಿ, ನಿನಗೇನು ಗೊತ್ತಿತ್ತು ಅಂತ ಬಿಟ್ಟೆ. ಅಪ್ಪಗ ಕಳಿಸೋದೇ ಬ್ಯಾಡಿತ್ತು, ಅದಕ್ಕೇ ಎರಡನೇ ಮಾತು ಕೇಳ್ಲಾರದೇ ಎದ್ದು ಬಂದಾನ ಅಂತ ತಿಳ್ಕೊಂಡೆ. ಅವತ್ತಿಂದ ಅಂವನ ಜೋಡಿ ನೆಟ್ಟಗ ಮಾತಾಡಲಿಲ್ಲ. ಅಂವಾ ಸಾಯೂ ಮುಂದ ಆಸ್ಪತ್ರ್ಯಾಗ ನಾಕು ದಿನ ಇದ್ದೆ, ಅಂವಾ ಏನೇನೋ ಮಾತಾಡ್ಲಕ ನೋಡ್ತಿದ್ದ. ನಾ ನೀರು ಬೇಕೇನು, ಗುಳಿಗಿ ತಗೊಂಡ್ಯೇನು, ಅಷ್ಟೇ ಕೇಳಿದೆ."

ಮಗಳು ಬಂದು ಬಸ್ಸಿಗೆ ಹೊತ್ತಾಯಿತೆಂದು ಕರೆದಳು. ನಂದಾ ಎದ್ದು ಹೋದಳು. ಹೋಗುವಾಗ ಎಂದಿನಂತೆ ಬರ್ತೀನಿ ಎನ್ನಲಿಲ್ಲ.

ಇಷ್ಟು ವರ್ಷ ನಾನು ಗೆಳತಿಯ ಒಂದು ಸೀಟು ಕಳೆದೆನೆಂದು ಕೊರಗುತ್ತಿದ್ದೆ. ಕೂರಿಗೆಯ ಹಿಂದೆ ಹಿಂದೆಯೇ ನಡೆಯುತ್ತಿದ್ದ ಆ ಮಗಳಿಂದ ಅಪ್ಪನನ್ನೇ ಕಸಿದಿದ್ದೆ. ಅದನ್ನು ತಿಳಿಯುವ ಹೊತ್ತಿಗೆ ಶರಣಪ್ಪಕಾಕಾ ಹೋಗಿ ಆರು ವರ್ಷವಾಗಿತ್ತು.